ಸಹಾಯ ಬೇಕು: ಸ್ನಾಯು ಸಂಶೋಧನೆಗೆ ಯಾವ ದಾರಿ ಹಿಡಿಯಲಿ?

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಬಿಪಿಟಿ ಪದವಿ ಮುಗಿಸಿ ಇಲ್ಲಿಯೇ ಫಿಸಿಯೋಥೆರಪಿ ಮಾಡುತ್ತಿದ್ದೇನೆ. ಮಂಡಿಯ ಲಿಗಮೆಂಟ್ ಹರಿದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಕಬಡ್ಡಿ ಹುಡುಗರು ಬರುತ್ತಾರೆ. ಮಂಡಿಚಿಪ್ಪಿನಿಂದ ಗೇಣು ಮೇಲೆ ಟೇಪು ಸುತ್ತಿದರೆ ಏಟು ಬಿದ್ದ ಕಾಲಿನ ತೊಡೆ ಸಣಕಲಾಗಿರುತ್ತದೆ. ಕೀಲಿನಲ್ಲಿ ಬಾವಿದ್ದರೆ ತೊಡೆಯ ಸ್ನಾಯುವಿಗೆ ನರಗಳ ಸಂಕೇತವೇ ತಗ್ಗುತ್ತದೆ; "ಬಿಗಿ ಹಿಡಿಯಪ್ಪಾ" ಎಂದರೆ ಹುಡುಗ ಹಲ್ಲು ಕಚ್ಚುತ್ತಾನೆ, ತೊಡೆ ಮಾತ್ರ ಜಪ್ಪಯ್ಯ ಎಂದರೂ ಅಲುಗುವುದಿಲ್ಲ. ನನ್ನ ತಲೆ ಕೊರೆಯುತ್ತಿರುವುದು ಇದೇ. ಸ್ನಾಯುವಿನ ದುರಸ್ತಿಗೆ ಬೇಕಾದ ಸ್ಯಾಟಲೈಟ್ ಕೋಶಗಳನ್ನು ಅಲೆಕ್ಸಾಂಡರ್ ಮೌರೊ 1961ರಲ್ಲಿಯೇ ವಿವರಿಸಿದ್ದಾರೆ. ಅವುಗಳಿಗೂ ವ್ಯಾಯಾಮಕ್ಕೂ ಇರುವ ನಂಟನ್ನು ಪ್ರಯೋಗಾಲಯದಲ್ಲಿ ಕುಳಿತು ಅಭ್ಯಸಿಸುವ ಆಸೆ.

ಎರಡು ವರ್ಷದ ಎಂಪಿಟಿ (ಫಿಸಿಯೋಥೆರಪಿಯ ಸ್ನಾತಕೋತ್ತರ ಪದವಿ) ಮಾಡಿ ಪಿಎಚ್.ಡಿ.ಗೆ ಹೋಗುವುದು ಒಳ್ಳೆಯದೋ, ಶರೀರಕ್ರಿಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡುವುದೋ? ಬೆಂಗಳೂರಿನ ನಿಮ್ಹಾನ್ಸ್, ಕಾಂಡಕೋಶ ಸಂಶೋಧನೆ ನಡೆಸುವ ಇನ್‌ಸ್ಟೆಮ್ ಕಡೆ ನನ್ನಂಥವರನ್ನು ಸೇರಿಸಿಕೊಳ್ಳುತ್ತಾರೆಯೇ? ಫೆಲೋಶಿಪ್ ಹಣದಲ್ಲಿ ಮನೆಗೂ ಒಂದಿಷ್ಟು ಕಳುಹಿಸಲು ಆದೀತೇ? (ಈ ಪ್ರಶ್ನೆ ಅಪ್ಪನದು, ನ್ಯಾಯವಾದದ್ದೇ.) ಸೋದರಮಾವನಂತೂ ವಿದ್ಯಾನಗರದಲ್ಲಿ ಕ್ಲಿನಿಕ್‌ಗೆ ಮಳಿಗೆ ನೋಡಿಟ್ಟಿದ್ದಾರೆ, ಮುಂಗಡ ಕೊಡುವುದೊಂದೇ ಬಾಕಿ.

ಫಿಸಿಯೋಥೆರಪಿಯಿಂದ ಸಂಶೋಧನೆಗೆ ಹೋದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಸಂಜೆ ಏಳರ ನಂತರ ಫೋನಿನಲ್ಲಿ ಮಾತನಾಡಲು ಸಿಗುತ್ತೇನೆ.