ನನ್ನಿಂದಲೇ ಅಪ್ಪ ಹೋದರಾ ಅಂತ ಕೇಳ್ತಾನೆ ಮಗ

ಪ್ರಶ್ನೆ:
ನಾನೂ ಗಂಡನೂ ಬೇರೆಯಾಗಿ ಐದು ತಿಂಗಳಾಯಿತು. ಮಗನಿಗೆ 7 ವರ್ಷ. ಮೊನ್ನೆ ಅವನ ದಿಂಬಿನ ಕೆಳಗೆ ಅವರಪ್ಪನ ಹಳೇ ಕರ್ಚೀಫು ಸಿಕ್ಕಿತು. ಕೇಳಿದರೆ, ‘ನಾನು ಹೋಂವರ್ಕ್ ಮಾಡದೆ ಹಠ ಮಾಡ್ತಿದ್ದೆ, ಅದಕ್ಕೇ ಅಪ್ಪ ಹೋದರಾ?’ ಅಂದ. ನನಗೆ ಮಾತೇ ಹೊರಡಲಿಲ್ಲ. ಹಾಸಿಗೆ ಒದ್ದೆ ಮಾಡುವುದು ನಿಂತಿತ್ತು, ಈಗ ಮತ್ತೆ ಶುರುವಾಗಿದೆ. ಏನು ಮಾಡಲಿ?

ಉತ್ತರ 1:
ನನಗೆ ಎಂಟು ವರ್ಷವಿದ್ದಾಗ ಅಪ್ಪ ಅಮ್ಮ ಬೇರೆಯಾದರು. ನಾನೂ ಹಾಗೇ ಅಂದುಕೊಂಡಿದ್ದೆ. ಆ ವಯಸ್ಸಲ್ಲಿ ಏನೇ ಆದರೂ ತನ್ನಿಂದಲೇ ಅನ್ನಿಸುತ್ತದೆ. ‘ಇದು ದೊಡ್ಡವರ ವಿಷಯ, ನಿನ್ನ ತಪ್ಪಲ್ಲ’ ಅಂತ ಒಂದು ಸಲ ಹೇಳಿದರೆ ಸಾಲದು, ಮತ್ತೆ ಮತ್ತೆ ಹೇಳಿ. ನನಗೆ ಜಾಸ್ತಿ ನೋವಾಗಿದ್ದು ಅವರು ಬೇರೆಯಾಗಿದ್ದಕ್ಕಲ್ಲ. ‘ನಿಮ್ಮಪ್ಪನಿಗೆ ಹೇಳು’ ಅಂತ ನನ್ನ ಕೈಲಿ ಮಾತು ಕಳಿಸುತ್ತಿದ್ದರಲ್ಲ, ಅದಕ್ಕೆ. ಬ್ಯಾಗ್ ಹಿಡಿದು ಬಾಗಿಲಲ್ಲಿ ನಿಂತು, ಯಾವುದು ಹೇಳಬೇಕು, ಯಾವುದು ಮುಚ್ಚಿಡಬೇಕು ಅಂತ ಯೋಚಿಸುತ್ತಿದ್ದೆ.

ಉತ್ತರ 2:
ಹಾಸಿಗೆ ಒದ್ದೆಯಾದರೆ ಬೈಯಬೇಡಿ ಅಕ್ಕ. ಮನಸ್ಸಿಗೆ ಒತ್ತಡವಾದಾಗ ಹಾಗಾಗುತ್ತದೆ. ಮಲಗುವ ಹೊತ್ತು, ಅಪ್ಪ ಫೋನ್ ಮಾಡುವ ಹೊತ್ತು ಬದಲಾಗದಿರಲಿ. ಟೀಚರ್‌ಗೂ ತಿಳಿಸಿ. ಕೆಲವು ವಾರ ನೋಡಿ, ಕಡಿಮೆಯಾಗದಿದ್ದರೆ ಮಕ್ಕಳ ಡಾಕ್ಟರ್ ಹತ್ತಿರ ಹೋಗಿ.

ಕೇಳಿದವರು:
ಕರ್ಚೀಫು ಅಲ್ಲೇ ಇಟ್ಟಿದ್ದೇನೆ. ರಾತ್ರಿ ಫೋನ್ ಮಾಡಿದಾಗ ಅವರಪ್ಪನ ಬಾಯಲ್ಲೂ ಅದೇ ಮಾತು ಹೇಳಿಸುತ್ತೇನೆ.