ಭಾವ ಕೇಳಿದ ಪ್ರಶ್ನೆಗೆ ಒಂದು ಉದ್ದದ ಉತ್ತರ

ಹಾಂ, ರೆಕಾರ್ಡ್ ಆಗ್ತಾ ಉಂಟಾ... ಉಂಟು. ಭಾವಾ, ಮಧ್ಯಾಹ್ನ ನೀವು ಗ್ರೂಪಲ್ಲಿ ಹಾಕಿದ್ದನ್ನು ನಾನು ಈಗ ನೋಡಿದ್ದು. ಕ್ಯಾಶ್ ಕೌಂಟರಿನಲ್ಲಿ ಕೂತಾಗ ಫೋನ್ ಡ್ರಾವರಿನೊಳಗೆ ಇರ್ತದೆ. ಟೈಪ್ ಮಾಡ್ಲಿಕ್ಕೆ ಕೂತರೆ ಬೆಳಗಾದೀತು, ಹಾಗಾಗಿ ಹೇಳಿಯೇ ಬಿಡ್ತೇನೆ. ನಡುವೆ ಕುಕ್ಕರ್ ಕೂಗಿದ್ರೆ ಸಹಿಸ್ಕೊಳ್ಳಿ.

ಮೆಸೇಜ್ ನೋಡದವರಿಗೆ ಹೇಳ್ತೇನೆ, ನಮ್ಮ ಅಕ್ಕನ ಮಗ ಪುಟ್ಟನಿಗೆ ಬೆಂಗಳೂರಲ್ಲಿ ಒಂದು ಪ್ರೈವೇಟ್ ಬ್ಯಾಂಕಿನಿಂದ ಆಫರ್ ಬಂದಿದೆ. ಊರಲ್ಲೇ ಒಂದು ಸಹಕಾರಿ ಬ್ಯಾಂಕಿನ ಇಂಟರ್‌ವ್ಯೂ ಕೂಡ ಪಾಸಾಗಿದೆ. ಭಾವ ಬರೆದದ್ದು, "ಊರ ಬ್ಯಾಂಕಲ್ಲಿ ಕೂತು ನೊಣ ಹೊಡೀಲಿಕ್ಕೆ ಬಿಕಾಂ ಯಾಕೆ ಬೇಕಿತ್ತು? ನೀನು 2003ರಿಂದ ಅಂಥದ್ದೇ ಸಹಕಾರಿ ಬ್ಯಾಂಕಲ್ಲಿ ಇದ್ದೀಯಲ್ಲ, ಎಂತ ಸುಖ ಕಂಡೆ?" ಅಂತ.

ನೊಣ ಉಂಟು ಭಾವಾ, ಸುಳ್ಳು ಹೇಳುದಿಲ್ಲ. ಎದುರಿಗೇ ಮೀನು ಮಾರ್ಕೆಟ್. ಹೊಡೀಲಿಕ್ಕೆ ಪುರುಸೊತ್ತು ಮಾತ್ರ ಇಲ್ಲ.

ಸಂಬಳದ ವಿಷಯ ಮೊದಲು ಮುಗಿಸ್ತೇನೆ, ಅದನ್ನು ಮುಚ್ಚಿಟ್ಟು ಉಳಿದದ್ದು ಹೇಳಿದ್ರೆ ಪುಟ್ಟನಿಗೆ ಮೋಸ ಮಾಡಿದ ಹಾಗೆ. ನನ್ನ ಜೊತೆ ಓದಿದವಳು ರಾಷ್ಟ್ರೀಕೃತ ಬ್ಯಾಂಕಲ್ಲಿ ಆಫೀಸರ್. ಅವಳ ಸಂಬಳ ಕೇಳಿದ ದಿನ ನನಗೆ ಊಟ ಸೇರುದಿಲ್ಲ, ಹಾಗಾಗಿ ಕೇಳುದನ್ನೇ ಬಿಟ್ಟಿದ್ದೇನೆ. ಆದ್ರೆ ಅವಳು ಕೆಲಸಕ್ಕೆ ಸೇರಿದ ಬ್ಯಾಂಕಿನ ಬೋರ್ಡೇ ಈಗ ಇಲ್ಲ. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. ಮರುವರ್ಷ ಏಪ್ರಿಲಲ್ಲಿ ಸಿಂಡಿಕೇಟು ಕೆನರಾಕ್ಕೆ, ಕಾರ್ಪೊರೇಷನ್ನು ಯೂನಿಯನ್ ಬ್ಯಾಂಕಿಗೆ. ನಮ್ಮ ಕರಾವಳಿಯಲ್ಲೇ ಹುಟ್ಟಿದ ಮೂರು ಬ್ಯಾಂಕು, ಒಂದು ವರ್ಷದ ಅಂತರದಲ್ಲಿ ಮೂರರ ಹೆಸರೂ ಹೋಯ್ತು. ಅವಳಿಗೆ ಎರಡು ಸಲ ವರ್ಗ ಆಗಿದೆ, ಈಗ ಇರುದು ಬಿಹಾರದಲ್ಲಿ. ಅತ್ತೆಗೆ ಹುಷಾರಿಲ್ಲ ಅಂತ ಗೊತ್ತಾದ್ರೆ ಎರಡು ರೈಲು ಹತ್ತಿ ಬರ್ಬೇಕು. ನಾನು ಊಟದ ಬಿಡುವಿನಲ್ಲಿ ಮನೆಗೆ ಬಂದು ನನ್ನ ಅತ್ತೆಗೆ ಗಂಜಿ ಕೊಟ್ಟು ಎರಡೂವರೆಗೆ ಪುನಃ ಸೀಟಲ್ಲಿ ಇರ್ತೇನೆ. ಅದಕ್ಕೆ ಎಷ್ಟು ರೂಪಾಯಿ ಬೆಲೆ ಕಟ್ಟುದು, ನೀವೇ ಲೆಕ್ಕ ಹಾಕಿ.

ಆದ್ರೆ ಮನೆ ಹತ್ತಿರ ಅನ್ನುದೊಂದೇ ಕಾರಣ ಆಗಿದ್ರೆ ನಾನು ಯಾವಾಗಲೋ ಬೋರಾಗಿ ಬಿಡ್ತಿದ್ದೆ. ನನಗೆ ರುಚಿ ಹತ್ತಿದ್ದು ಬೇರೆಯದ್ರಲ್ಲಿ. ಒಂದು ಕತೆ ಹೇಳ್ತೇನೆ, ಹೆಸರು ಹೇಳುದಿಲ್ಲ. ಹೇಳಿದ್ರೆ ನನ್ನ ಕೆಲಸ ಹೋಗ್ತದೆ, ಹೋಗ್ಬೇಕು ಕೂಡ.

ಒಬ್ರು ರಿಕ್ಷಾ ಸಾಲ ತೆಗೆದಿದ್ರು. ಎರಡು ಕಂತು ಬರ್ಲಿಲ್ಲ. ಕಂತು ತಪ್ಪಿ 90 ದಿನ ದಾಟಿದ್ರೆ ಸಾಲ ಎನ್‌ಪಿಎ ಆಗ್ತದೆ, ಅಂದ್ರೆ ಕೆಟ್ಟ ಸಾಲದ ಪಟ್ಟಿಗೆ ಸೇರ್ತದೆ. ಆ ನಿಯಮ ನಮಗೂ ಒಂದೇ, ಬೆಂಗಳೂರಿನ ಗಾಜಿನ ಕಟ್ಟಡದ ಬ್ಯಾಂಕಿಗೂ ಒಂದೇ. ಆದ್ರೆ ಆ 90 ದಿನದ ಒಳಗೆ ಎಂತ ಮಾಡ್ತೀರಿ? ದೊಡ್ಡ ಕಡೆ ಕಂಪ್ಯೂಟರ್ ಮೆಸೇಜ್ ಕಳಿಸ್ತದೆ, ಮತ್ತೆ ಯಾರೋ ಎಲ್ಲಿಂದಲೋ ಹಿಂದಿಯಲ್ಲಿ ಫೋನ್ ಮಾಡ್ತಾರೆ. ನಮ್ಮಲ್ಲಿ ಅರವತ್ತನೇ ದಿನಕ್ಕೆ ಮ್ಯಾನೇಜರೂ ನಾನೂ ಸ್ಕೂಟರ್ ಹತ್ತಿದೆವು. ಹೋಗಿ ನೋಡಿದ್ರೆ ರಿಕ್ಷಾ ಅಂಗಳದಲ್ಲಿ ನಿಂತಿದೆ, ಮನುಷ್ಯ ಕಾಲಿಗೆ ಪ್ಲಾಸ್ಟರ್ ಹಾಕಿಸ್ಕೊಂಡು ಮಂಚದ ಮೇಲೆ. ಬಾಯಿಬಿಟ್ಟು ಹೇಳ್ಲಿಕ್ಕೆ ನಾಚಿಕೆ ಅವರಿಗೆ. ಹೆಂಡತಿ ಬಂದು ನಮಗೆ ಬೆಲ್ಲ ನೀರು ಕೊಟ್ಟು ಬಾಗಿಲ ಮರೆಗೆ ನಿಂತರು.

ಅಲ್ಲೇ ಕೂತು ಮಾತಾಡಿದ್ದು. ತಮ್ಮನ ಹತ್ರ ಲೈಸೆನ್ಸು, ಬ್ಯಾಜು ಉಂಟು, ಅವನು ಓಡಿಸ್ಲಿ. ತಿಂಗಳಿಗೊಮ್ಮೆ ಒಟ್ಟಿಗೆ ಕಟ್ಟುದು ಕಷ್ಟ ಆದ್ರೆ ಪಿಗ್ಮಿ ಮಾಡಿ, ಅಂದ್ರೆ ದಿನಾ ಸ್ವಲ್ಪ ಸ್ವಲ್ಪ ಉಳಿತಾಯ, ದಿನಕ್ಕೆ ಇನ್ನೂರು. ರಿಕ್ಷಾ ಸ್ಟ್ಯಾಂಡಿಗೆ ಆ ದುಡ್ಡು ಒಟ್ಟು ಮಾಡುವ ನಮ್ಮ ಪಿಗ್ಮಿಯವರು ಹೇಗೂ ಸಂಜೆ ಬರ್ತಾರೆ. ಆ ಪಿಗ್ಮಿಯಿಂದ ಕಂತು ಕಟ್ಟಿಸ್ಕೊಂಡೆವು. ತೊಂಬತ್ತನೇ ದಿನದ ಮೊದಲು ಹಳೇ ಬಾಕಿ ಮುಗೀತು. ಈಗ ಆ ರಿಕ್ಷಾ ನಮ್ಮ ಬ್ಯಾಂಕಿನ ಎದುರಿಂದ ಹೋಗುವಾಗೆಲ್ಲ ಒಂದು ಹಾರ್ನ್ ಹಾಕ್ತದೆ. ಮ್ಯಾನೇಜರಿಗೆ ಕಿರಿಕಿರಿ, ನನಗೆ ಖುಷಿ.

ಪಿಗ್ಮಿ ಅಂದಾಗ ನೆನಪಾಯ್ತು. ಪುಟ್ಟಾ, ನಿನಗಿದು ಗೊತ್ತಿರ್ಲಿಕ್ಕಿಲ್ಲ. ಈ ಪಿಗ್ಮಿ ನಮ್ಮ ಉಡುಪಿಯದ್ದೇ ಸಾಮಾನು. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ದಿನಕ್ಕೆ ಎರಡಾಣೆ ಕೊಟ್ರೂ ಸಾಕು ಅಂತ ಮನೆ ಬಾಗಿಲಿಗೆ ಜನ ಕಳಿಸಿ ಶುರು ಮಾಡಿದ್ದು. ಈಗ ನಮ್ಮ ಪಿಗ್ಮಿಯವರ ಕೈಯಲ್ಲಿ ಮೆಷಿನ್ ಉಂಟು, ಅಲ್ಲೇ ರಶೀದಿ ಬರ್ತದೆ. ಆದ್ರೂ ಮಾರ್ಕೆಟಿನಲ್ಲಿ ಮೀನು ಮಾರುವ ಹೆಂಗಸರು ರಶೀದಿ ಓದುದಕ್ಕಿಂತ ಹೆಚ್ಚು ಅವರ ಮುಖ ಓದ್ತಾರೆ. 2020ರ ಲಾಕ್‌ಡೌನಲ್ಲಿ ಪಿಗ್ಮಿಯವರು ಹೊರಗೆ ಹೋಗುವ ಹಾಗೇ ಇರ್ಲಿಲ್ಲ. ನಮಗೆ ಸಂಬಳ ಉಂಟು, ಅವರಿಗೆ ಕಮಿಷನ್ ಬಿಟ್ರೆ ಬೇರೆ ದಾರಿ ಎಂತ? ನಾವು ಸ್ಟಾಫಿನವರೆಲ್ಲ ಸೇರಿ ಅಕ್ಕಿ, ದಿನಸಿ ತಲುಪಿಸಿದೆವು. ಯಾರೂ ಹೇಳಿ ಮಾಡಿಸಿದ್ದಲ್ಲ.

ನೋಟ್ ಬ್ಯಾನ್ ಆದಾಗಿನದ್ದೂ ಹೇಳ್ಬೇಕು. 2016ರ ನವೆಂಬರ್ 10ರ ಗುರುವಾರ ಬ್ಯಾಂಕು ತೆಗೆದದ್ದು, ಮತ್ತೆ ಶನಿವಾರ ಭಾನುವಾರ ಕೂಡ ಬಿಡುವಿಲ್ಲ. ಸಾಲು ರಸ್ತೆವರೆಗೆ. ಒಬ್ರು ಅಮ್ಮ ಸೆರಗಿನ ಗಂಟು ಬಿಚ್ಚಿ ಐನೂರರ ಹದಿನೆಂಟು ನೋಟು ಇಟ್ರು. ಒಂದೊಂದು ನೋಟಿಗೂ ಅಕ್ಕಿ ಡಬ್ಬದ ವಾಸನೆ. "ಗಂಡನಿಗೆ ಗೊತ್ತಾಗ್ಬಾರ್ದು ಮಗಾ" ಅಂತ ಪಿಸುಮಾತಲ್ಲಿ ಹೇಳಿದ್ರು. ಅವರ ಹೆಸರಲ್ಲೇ ಖಾತೆ ಮಾಡಿ ಹಾಕಿದೆವು. ಹೋಗುವಾಗ ಪಾಸ್‌ಬುಕ್ ಎಲ್ಲಿಡುದು ಅಂತ ಕೇಳಿದ್ರು. ಮತ್ತೆ ಅವರೇ, "ಅದೇ ಡಬ್ಬದಲ್ಲಿ ಇಡ್ತೇನೆ" ಅಂದ್ರು. ಆ ದಿನ ಕ್ಯಾಶ್ ಟ್ಯಾಲಿ ಆಗುವಾಗ ರಾತ್ರಿ ಹತ್ತೂವರೆ. ಆಚೆ ಬೀದಿ ಹೋಟೆಲಿನವರು ದುಡ್ಡು ಕೇಳದೆ ಬನ್ಸು, ಚಾ ಕಳಿಸಿದ್ರು. ನಾನು ನನ್ನ ಸರ್ವಿಸಲ್ಲಿ ಅಷ್ಟು ದಣಿದ ದಿನ ಇನ್ನೊಂದಿಲ್ಲ, ಅಷ್ಟು ನಕ್ಕ ದಿನವೂ ಇಲ್ಲ.

ಎಲ್ಲವೂ ಜೇನುತುಪ್ಪ ಅಂತ ತಿಳ್ಕೊಳ್ಬೇಡ ಪುಟ್ಟಾ. ಊರಿನ ಬ್ಯಾಂಕು ಅಂದ್ರೆ ಮದುವೆ ಮನೆಯಲ್ಲೂ ಬ್ಯಾಂಕೇ. ಎಲೆ ಹಾಕಿ ಕೂತಿರ್ತೇವೆ, ಪಕ್ಕದವರು "ನನ್ನ ಎಫ್‌ಡಿ ಯಾವಾಗ ಮೆಚ್ಯೂರ್ ಆಗುದು?" ಅಂತ ಕೇಳ್ತಾರೆ. ಕಂತು ಬಾಕಿ ಇದ್ದವರು ನನ್ನನ್ನು ಕಂಡು ಮರು ಪಂಕ್ತಿಗೆ ಹೋಗ್ತಾರೆ. ಜಾಮೀನು ಹಾಕಿದವರ ಮನೆಗೆ ನೋಟಿಸ್ ಹೋದ್ರೆ ಅವರ ಹೆಂಡತಿ ದೇವಸ್ಥಾನದಲ್ಲಿ ನನ್ನತ್ರ ಮಾತು ಬಿಡ್ತಾರೆ. ಮತ್ತೆ ಆಡಳಿತ ಮಂಡಳಿಯ ಚುನಾವಣೆ ಬಂತು ಅಂದ್ರೆ ನಾವು ಯಾರ ಜೊತೆ ನಕ್ಕೆವು, ಯಾರ ಜೊತೆ ಚಾ ಕುಡಿದೆವು ಅನ್ನುದೂ ಸುದ್ದಿ. ಬಾಯಿಗೆ ಬೀಗ ಹಾಕ್ಲಿಕ್ಕೆ ಬಾರದವರಿಗೆ ಈ ಕೆಲಸ ಬೇಡವೇ ಬೇಡ. ಅಕ್ಕಾ, ನಿನ್ನ ಮಗನಿಗೆ ಆ ಗುಣ ಉಂಟು, ನಿನ್ನಿಂದ ಬಂದದ್ದಲ್ಲ ಅಷ್ಟೇ.

ಆದ್ರೆ ನಮ್ಮ ಸದಸ್ಯರ ಮಹಾಸಭೆ ಒಂದು ನೋಡ್ಬೇಕು ನೀವು. ಸೆಪ್ಟೆಂಬರಲ್ಲಿ. ಷೇರು ನೂರು ಇರ್ಲಿ, ಲಕ್ಷ ಇರ್ಲಿ, ಒಬ್ಬರಿಗೆ ಒಂದೇ ಓಟು. ಹಿಂದಿನ ಸಾಲಲ್ಲಿ ಲುಂಗಿ ಉಟ್ಟು ಕೂತ ಅಜ್ಜ ಎದ್ದು ನಿಂತು, "ಕಟ್ಟಡದ ರಿಪೇರಿಗೆ ಇಷ್ಟು ಯಾಕಾಯ್ತು?" ಅಂತ ಅಧ್ಯಕ್ಷರನ್ನೇ ಕೇಳ್ತಾರೆ. ಉತ್ತರ ಕೊಡ್ಲೇಬೇಕು. ಗೋಡೆ ಮೇಲೆ ಮೊಳಹಳ್ಳಿ ಶಿವರಾಯರ ಫೋಟೋ ಉಂಟು, ಪುತ್ತೂರಲ್ಲಿ ವಕೀಲಿ ಮಾಡ್ತಾ ನಮ್ಮ ಜಿಲ್ಲೆಯಲ್ಲಿ ಸಹಕಾರ ಚಳವಳಿ ಬೆಳೆಸಿದವರು. ಅಜ್ಜನ ಗಲಾಟೆ ಕೇಳುವಾಗ ನನಗೆ ಆ ಫೋಟೋ ಸ್ವಲ್ಪ ನಕ್ಕ ಹಾಗೆ ಕಾಣ್ತದೆ. ಸಭೆ ಮುಗಿದ ಮೇಲೆ ಪಾಯಸದ ಊಟ, ಜಗಳ ಆಡಿದವರೇ ಒಟ್ಟಿಗೆ ಕೂರ್ತಾರೆ.

ಈಗ ಪುಟ್ಟಾ, ಭಾವುಕ ಆಗ್ಬೇಡ, ಸೇರುವ ಮೊದಲು ವಿಚಾರಿಸು. ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಇದ್ದ ಬ್ಯಾಂಕಾ, ಅಥವಾ ಸಹಕಾರಿ ಸಂಘವಾ? ಜನ ಎರಡಕ್ಕೂ ಬ್ಯಾಂಕ್ ಅಂತಲೇ ಹೇಳ್ತಾರೆ. ಬ್ಯಾಂಕಾದ್ರೆ ಠೇವಣಿಗೆ 5 ಲಕ್ಷದವರೆಗೆ ವಿಮೆ ಉಂಟು, ಸಂಘಕ್ಕೆ ಅದಿಲ್ಲ. ವಾರ್ಷಿಕ ವರದಿ ತಗೊಂಡು ಆಡಿಟಲ್ಲಿ ಮೇಲಿನ ದರ್ಜೆ, ಅಂದ್ರೆ ಎ ವರ್ಗ ಉಂಟಾ, ಎನ್‌ಪಿಎ ಎಷ್ಟು, ಮೂರು ವರ್ಷದ್ದು ನೋಡು. ಪಿಎಫ್ ಕಟ್ತಾರಾ, ಪ್ರಮೋಷನ್ ಹೇಗೆ ಅಂತ ನಾಚಿಕೆ ಬಿಟ್ಟು ಕೇಳು. ಸಾಲ ಕೊಡುವಾಗ ನಿರ್ದೇಶಕರ ಫೋನೇ ದಾಖಲೆ ಆಗುವ ಕಡೆ ಆದ್ರೆ ಕಾಲಿಡ್ಬೇಡ, ಕೊನೆಗೆ ಸಹಿ ಮಾಡಿದ ಕ್ಲಾರ್ಕಿನ ತಲೆಗೇ ಬರುದು. ಮತ್ತೆ ಬೆಂಗಳೂರಿನವರನ್ನೂ ಕೇಳು, ತಿಂಗಳಿಗೆ ಎಷ್ಟು ಇನ್ಶೂರೆನ್ಸು, ಎಷ್ಟು ಕ್ರೆಡಿಟ್ ಕಾರ್ಡು ಮಾರ್ಬೇಕು ಅಂತ. ಅದು ನಿನಗೆ ಆಗ್ತದೆ ಅಂತ ಕಂಡ್ರೆ ಹೋಗು, ನಾನೇ ಬಸ್ಸು ಹತ್ತಿಸ್ತೇನೆ.

ಒಂದು ಕೆಲಸ ಮಾಡು. ಸೋಮವಾರ ಹತ್ತು ಗಂಟೆಗೆ ಇಲ್ಲಿಯ ಆ ಬ್ಯಾಂಕಿಗೆ ಹೋಗಿ ಗಿರಾಕಿಗಳ ಬೆಂಚಲ್ಲಿ ಒಂದು ಗಂಟೆ ಸುಮ್ಮನೆ ಕೂರು. ಚಲನ್ ಬರೀಲಿಕ್ಕೆ ಬಾರದ ಅಜ್ಜಿ ಬಂದಾಗ ಯಾರು ಎದ್ದು ಬರ್ತಾರೆ, ಅಥವಾ ಯಾರೂ ಬರುದಿಲ್ವಾ, ನೋಡ್ಕೊಂಡು ಬಾ. ಹೋಗುವಾಗ ನಮ್ಮ ಮನೆಗೂ ಬಂದು ಹೋಗು, ಅಕ್ಕನಿಗೆ ಹಲಸಿನ ಹಪ್ಪಳ ಕಟ್ಟಿ ಇಟ್ಟಿದ್ದೇನೆ. ಅಯ್ಯೋ, ಕುಕ್ಕರ್ ಐದನೇ ಸಲ ಕೂಗಿತು, ಇಡ್ತೇನೆ.