ಒಂದು ಈಜುಕೊಳ, ಒಬ್ಬ ಕೋಚ್, ಬೇಕೆನ್ನುವವರು ಊರು ತುಂಬ: ವೇಳಾಪಟ್ಟಿ ಹ್ಯಾಗೆ ಹಾಕೋದು?

ಪ್ರಶ್ನೆ (ಕಾರವಾರದಿಂದ): ಮಾಸ್ತರೆ, ನಮಸ್ಕಾರ. ನಮ್ಮ ಬಡಾವಣೆಯ ಸಮುದಾಯ ಕೇಂದ್ರದ ಸಮಿತಿಯಲ್ಲಿದ್ದೇನೆ. 25 ಮೀಟರಿನ ಕೊಳ ಇದೆ, ಮೇಲೆ ಚಾವಣಿ ಇಲ್ಲ. ಪಕ್ಕದಲ್ಲೊಂದು ಹಾಲ್. ಒಬ್ಬ ಕೋಚ್, ಒಬ್ಬ ಲೈಫ್‌ಗಾರ್ಡ್. ಬೇಸಿಗೆ ರಜೆಯಲ್ಲಿ ಬ್ಯಾಚಿಗೆ 30 ಮಕ್ಕಳನ್ನು ತಗೊಂಡು, ಮಳೆ ಹಿಡಿದ ಕೂಡಲೇ ಬಾಗಿಲು ಹಾಕೋಣ ಅಂತ ಕೆಲವರ ವಾದ. ಹೆಂಗಸರಿಗೆ, ವಯಸ್ಸಾದವರಿಗೂ ಏನಾದರೂ ಇಡಬೇಕು ಅಂತ ನನ್ನಾಸೆ. ಎಲ್ಲಿಂದ ಶುರು ಮಾಡಲಿ?

ಉತ್ತರ (ಈಜು ತರಬೇತುದಾರ): ಅಕ್ಕ, ಮೊದಲು ಆ 30ರ ಲೆಕ್ಕ ಬಿಡಿ. ನೀರಿಗೆ ಹೊಸಬರಾದ ಮಕ್ಕಳಾದರೆ ಒಬ್ಬ ಕೋಚ್‌ಗೆ 6, ಹೆಚ್ಚೆಂದರೆ 8. ಮುಳುಗುತ್ತಿರುವ ಮಗು ಸಾಮಾನ್ಯವಾಗಿ ಕೂಗುವುದಿಲ್ಲ, ಅದಕ್ಕೆ ಉಸಿರೆಳೆಯಲಿಕ್ಕೇ ಪುರಸೊತ್ತಿರೋದಿಲ್ಲ. 30 ತಲೆಗಳ ನಡುವೆ ಅದೂ ಆಟದ ಹಾಗೇ ಕಾಣುತ್ತದೆ. ಕೋಚ್‌ನನ್ನು ಲೈಫ್‌ಗಾರ್ಡ್ ಲೆಕ್ಕಕ್ಕೆ ಹಿಡಿಯಬೇಡಿ. ಲೈಫ್‌ಗಾರ್ಡ್‌ನನ್ನು ಟೋಕನ್ ಕೊಡಲಿಕ್ಕೆ ಕೂರಿಸಬೇಡಿ.

ಮೊದಲ ವಾರ ಕೈ ಬೀಸೋದೇ ಬೇಡ. ಮುಖ ನೀರಲ್ಲಿಟ್ಟು ಗುಳ್ಳೆ ಬಿಡೋದು, ಅಂಗಾತ ತೇಲೋದು, ಗೋಡೆ ಒದ್ದು ಮುಂದೆ ಜಾರೋದು, ಇಷ್ಟೇ. ತೇಲುವಾಗ ಕಿವಿಗೆ ನೀರು ಹೋಯಿತೆಂದು ಮಕ್ಕಳು ತಲೆ ಎತ್ತುತ್ತಾರೆ. ತಲೆ ಎದ್ದಿತೋ, ಸೊಂಟ ಮುಳುಗಿತು. ತಲೆಯಡಿ ಅಂಗೈ ಕೊಟ್ಟು ‘ಆ ತೆಂಗಿನ ಗರಿ ನೋಡು’ ಅಂದರೆ ಹೊಟ್ಟೆ ತಾನಾಗಿ ಮೇಲೆ ಬರುತ್ತದೆ. ಮೂರನೇ ದಿನಕ್ಕೇ ‘ಇನ್ನೂ ಈಜಲಿಕ್ಕೆ ಬರಲಿಲ್ವಾ?’ ಅನ್ನುವ ಪಾಲಕರನ್ನು ಸಂಭಾಳಿಸೋದು ನಿಮ್ಮ ಪಾಲಿಗೆ.

ಹೆಂಗಸರ ಬ್ಯಾಚನ್ನು ಬೆಳಿಗ್ಗೆ 6ಕ್ಕೆ ಇಟ್ಟರೆ ಕೊಳ ಖಾಲಿ ಹೊಡೆಯುತ್ತದೆ. ಅದು ಡಬ್ಬಿ ಕಟ್ಟುವ ಹೊತ್ತು, ಮೀನುಪೇಟೆಗೆ ಹೋಗುವವರಿಗಂತೂ ದುಡಿಮೆಯ ಹೊತ್ತು. ಸಂಜೆ 4ಕ್ಕೆ ಇಟ್ಟು ನೋಡಿ. ಕಲಿಸಲು ಹೆಂಗಸರೇ ಸಿಕ್ಕರೆ ಒಳ್ಳೇದು, ಬಟ್ಟೆ ಬದಲಿಸುವ ಕೋಣೆಗೆ ಸರಿಯಾದ ಚಿಲಕ ಮಾತ್ರ ಬೇಕೇ ಬೇಕು. ಈಜುಡುಗೆಗೆ ನಾಚುವವರು ಕೈಕಾಲು ಮುಚ್ಚುವ, ಮೈಗೆ ಹತ್ತಿದ ನೈಲಾನ್ ಬಟ್ಟೆ ಹಾಕಲಿ. ಹತ್ತಿಯ ಚೂಡಿದಾರ ನೀರು ಕುಡಿದು ಕೆಳಗೆ ಎಳೆಯುತ್ತದೆ.

ಮಂಡಿನೋವಿನ ಹಿರಿಯರಿಗೆ ಈಜೇ ಬೇಡ, ಎದೆಮಟ್ಟದ ನೀರಲ್ಲಿ 20 ನಿಮಿಷ ನಡಿಗೆ ಸಾಕು. ಅಲ್ಲಿ ಕಾಲಿನ ಮೇಲೆ ಬೀಳೋದು ಮೈತೂಕದ ಸುಮಾರು ಮೂರರಲ್ಲೊಂದು ಪಾಲು. ಹೃದಯದ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ಇಳಿಯಲಿ.

ಮರುಪ್ರಶ್ನೆ: ಮಳೆಗಾಲ?

ಉತ್ತರ: ಕೊಳ ಮುಚ್ಚಿದರೂ ಕೇಂದ್ರ ಮುಚ್ಚಬೇಡಿ. ನಮ್ಮ ಮಳೆಗೆ ಕ್ಲೋರಿನ್ ನಿಲ್ಲೋದಿಲ್ಲ, ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಏರುಪೇರು, ಮೇಲಿಂದ ಕೆಂಪು ಮಣ್ಣು. ಹೊಳವಾದ ದಿನ ಇಳಿಸುವುದಾದರೆ ಉಳಿಕೆ ಕ್ಲೋರಿನ್ 1ರಿಂದ 3 ಪಿಪಿಎಂ (ಲೀಟರ್ ನೀರಿಗೆ ಅಷ್ಟು ಮಿಲಿಗ್ರಾಂ), ಪಿಎಚ್ 7.2ರಿಂದ 7.8 ಇದೆಯೇ ಅಂತ ಪ್ರತಿ ಬ್ಯಾಚಿಗೆ ಮುಂಚೆ ನೋಡಿ. ಆಳದ ತುದಿಯಲ್ಲಿ ತಳದ ಜಾಲರಿ ಸ್ಪಷ್ಟ ಕಾಣದಿದ್ದರೆ ಆವತ್ತು ರಜೆ. ಗುಡುಗಿದರೆ ಎಲ್ಲರೂ ಮೇಲೆ, ಕೊನೆಯ ಗುಡುಗಿನಿಂದ 30 ನಿಮಿಷ ಕಾಯಬೇಕು.

ಹಾಲ್‌ನಲ್ಲಿ ಹಿರಿಯರಿಗೆ ಕುರ್ಚಿಯಿಂದ ಕೈ ಊರದೆ ಏಳೋದು, ಒಂಟಿಕಾಲಲ್ಲಿ ನಿಲ್ಲೋದು ಮಾಡಿಸಿ. ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ ಇರುತ್ತದಲ್ಲ, ಆಗ ಊರಿನ ಬೋಟಿನವರನ್ನು ಕರೆದು ಸಿಪಿಆರ್ (ಉಸಿರು, ಎದೆಬಡಿತ ನಿಂತವರಿಗೆ ಎದೆ ಒತ್ತಿ, ಬಾಯಿಂದ ಉಸಿರು ಕೊಡೋದು) ಕಲಿಸಿ. ನನ್ನ ಕೇಳಿದರೆ ಇಡೀ ಪಟ್ಟಿಯಲ್ಲಿ ಬಿಡಲೇಬಾರದ್ದು ಇದೇ.

ಅಂಕೋಲೆಯಿಂದ ಒಬ್ಬರು: ಕಡಲ ದಂಡೆಯ ಮಕ್ಕಳಿಗೆ ಈಜು ಕಲಿಸಬೇಕಾ ಮಾಸ್ತರೆ? ಕಾರವಾರದ ಟಾಗೋರ್ ಬೀಚಲ್ಲಿ ತಾವೇ ಕಲೀತಾರೆ!

ಉತ್ತರ: ಕಲಿಯೋದು ತೆರೆ ಹಾರೋದನ್ನ. ನೀರಿನ ಸೆಳೆತ ಕಡಲಿನತ್ತ ಎಳೆದಾಗ ಅದಕ್ಕೆದುರಾಗಿ ಕೈ ಸೋಲಿಸಿಕೊಳ್ಳದೆ ತೇಲಬೇಕು, ಸಾಧ್ಯವಾದರೆ ದಂಡೆಗೆ ಸಮಾನಾಂತರವಾಗಿ ಸರಿಯಬೇಕು. ತೇಲೋದನ್ನ ಕೊಳದಲ್ಲೇ ರೂಢಿ ಮಾಡಿಸಬಹುದು. ಹಾಗಂತ ಕೊಳದಲ್ಲಿ 25 ಮೀಟರ್ ಮುಗಿಸಿದ ಹುಡುಗನಿಗೆ ಕಡಲಿಗಿಳಿಯಲು ಪರವಾನಗಿ ಕೊಟ್ಟ ಹಾಗಲ್ಲ, ಅದನ್ನೂ ಹೇಳಿ ಕಳಿಸಬೇಕು.

ಪ್ರಶ್ನೆ ಕೇಳಿದವರು: ಸಮಿತಿಗೆ ಇದನ್ನೇ ಓದಿ ಹೇಳ್ತೇನೆ. ಲೈಫ್‌ಗಾರ್ಡ್ ಬೇಡ ಅಂದರೆ ಟೋಕನ್ ಕೊಡಲಿಕ್ಕೆ ಯಾರನ್ನ ಕೂರಿಸಲಿ?

ಉತ್ತರ: 30 ಮಕ್ಕಳು ಅಂದವರನ್ನ.